ಮರಕುಟಿಗದ ಮರಿಯ ಕಣ್ಣು

"ಕಣ್ಣು ಹೆಂಗಿದ್ವು ನಿಮ್ಮವ್ವನವು?" ಎಂದು ಕೇಳಿದೆ.

"ಚೆನ್ನಾಗಿದ್ವು" ಎಂದ ಕುರಿ ಕಾಯುವವನು.

"ಚೆನ್ನಾಗಿದ್ವು ಅಂದ್ರೆ? ದೊಡ್ಡವಾ, ಸಣ್ಣವಾ?"

"ಎಲ್ಲರಿಗೂ ಇರ್ತಾವಲ್ಲ, ಹಂಗೇ ಕಣಕ್ಕ."

ಮೇಜಿನ ಮೇಲೆ ಅವನ ತಾಯಿಯ ಫೋಟೋ ಇತ್ತು. ಮುದುಕಿ ಗೋಡೆಗೆ ಒರಗಿ ಕುಳಿತಿದ್ದಳು. ಕೊರಳಲ್ಲಿ ಹಾರ, ಮಡಿಲಲ್ಲಿ ವೀಳ್ಯದೆಲೆ, ಕಣ್ಣು ಮುಚ್ಚಿತ್ತು. ನಮ್ಮ ಕಡೆ ಸತ್ತವರನ್ನು ತೊಳೆದು, ಹೊಸ ಬಟ್ಟೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಬದುಕಿದ್ದಾಗ ಒಂದು ಫೋಟೋ ತೆಗೆಸಿಕೊಳ್ಳದ ಹಿರಿಯರೇ ಆಗ ಹಳ್ಳಿಗಳಲ್ಲಿ ಹೆಚ್ಚು. ಹಾಗಾಗಿ ಹಾಗೆ ಕೂರಿಸಿದ ಮೇಲೆ ಚಳ್ಳಕೆರೆಗೆ ಆಳು ಕಳಿಸಿ ಸ್ಟುಡಿಯೋದವರನ್ನು ಕರೆಸುತ್ತಿದ್ದರು. ಫೋಟೋ ತೆಗೆಯುವುದು ನನ್ನ ಅಣ್ಣನ ಕೆಲಸ. ಆ ಫೋಟೋದಲ್ಲಿ ಕಣ್ಣು ತೆರೆಸುವುದು ನನ್ನ ಕೆಲಸ. ಎರಡೇ ಕೂದಲಿನ ಬ್ರಷ್ಷಿನಲ್ಲಿ ರೆಪ್ಪೆ ಎತ್ತಿ, ಒಳಗೆ ಗುಡ್ಡೆ ಬರೆದು, ಕೊನೆಗೆ ಬ್ಲೇಡಿನ ತುದಿಯಿಂದ ಸಾಸಿವೆಗಿಂತ ಸಣ್ಣ ಒಂದು ಬಿಳಿ ಚುಕ್ಕೆ ಕೆರೆಯಬೇಕು. ಆ ಚುಕ್ಕೆ ಬೀಳುವವರೆಗೂ ಅದು ಹೆಣವೇ. ಚುಕ್ಕೆ ಬಿದ್ದರೆ ನೋಡುತ್ತದೆ.

ಕುರಿಯವನು ಎದ್ದ. ಆಮೇಲೆ ಬಾಗಿಲಿಗೆ ಹೋಗಿ, ಬೀದಿಯ ಬಿಸಿಲಿಗೆ ಮುಖ ಮಾಡಿ, ಎರಡೂ ಕಣ್ಣು ಕಿರಿದು ಮಾಡಿ ತೋರಿಸಿದ. "ಸಂಜಿಕೆ ಹಟ್ಟಿ ಬಾಗ್ಲಾಗೆ ನಿಂತು ಕುರಿ ಎಣಿಸ್ತಿದ್ಲು. ಹಿಂಗೆ ನೋಡ್ತಿದ್ಲು." ನಾನು ಹಾಗೆಯೇ ಬರೆದುಕೊಟ್ಟೆ. ಅವನು ಫೋಟೋವನ್ನು ಕಣ್ಣಿಗೆ ಒತ್ತಿಕೊಂಡು ಹೋದ. ಸತ್ತ ತಾಯಿಯನ್ನೇ ನಟಿಸಿ ತೋರಿಸಿದನೆಂದು ಮಧ್ಯಾಹ್ನ ಅಣ್ಣ ಬಂದಾಗ ಹೇಳಿ ನಕ್ಕೆ. ಅಣ್ಣನೂ ನಕ್ಕ. ಅದೇ ಕೊನೆಯ ಮಾಮೂಲಿ ದಿನ. ಅದು ಕೊನೆಯದೆಂದು ಗೊತ್ತಾಗಲು ಒಂದು ತಿಂಗಳು ಬೇಕಾಯಿತು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಅಶ್ವಿನಿ ಮಳೆ ಬರಬೇಕಾಗಿತ್ತು, ಬಂದಿರಲಿಲ್ಲ. ಎಣ್ಣೆ ಮಿಲ್ಲುಗಳ ಕಡೆಯಿಂದ ಹುರಿದ ಶೇಂಗಾದ ವಾಸನೆ ಹೊತ್ತ ಬಿಸಿಗಾಳಿ ಬೀದಿ ತುಂಬ ಬೀಸುತ್ತಿತ್ತು. ನಮ್ಮ ಸ್ಟುಡಿಯೋ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಮುಂದೆ ಒಂದು ಗಾಜಿನ ಶೋಕೇಸ್, ನಡುವೆ ನನ್ನ ಮೇಜು, ಹಿಂದೆ ಕತ್ತಲಕೋಣೆ. ಪಕ್ಕದಲ್ಲಿ ಟೆಲಿಫೋನ್ ಬೂತ್, ಎದುರಿಗೆ ಚಹಾ ಅಂಗಡಿ. ಅಣ್ಣನ ಹೆಸರು ತಿಪ್ಪೇಸ್ವಾಮಿ, ಊರಿನವರಿಗೆ ಸ್ವಾಮಣ್ಣ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ನನ್ನ ಎಡಗಾಲು ಸೊರಗಿತ್ತು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅಣ್ಣ ನನ್ನನ್ನು ತನ್ನ ಸ್ಟುಡಿಯೋದಲ್ಲೇ ಕೂರಿಸಿಕೊಂಡು ಬ್ರಷ್ ಹಿಡಿಯುವುದನ್ನು ಕಲಿಸಿದ. ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು.

ಮದುವೆಗೆ ನಮ್ಮನ್ನು ಕರೆಯುವವರು ಕಡಿಮೆ. ಹೆಣ ತೆಗೆದ ಕ್ಯಾಮೆರಾದಲ್ಲಿ ಮದುಮಕ್ಕಳನ್ನು ತೆಗೆಯಬಾರದು ಎಂದು ಜನರ ನಂಬಿಕೆ. ಎದುರಿಗೆ ಯಾರೂ ಹೇಳುತ್ತಿರಲಿಲ್ಲ. ಚಹಾ ಅಂಗಡಿಯವನೊಬ್ಬ ಮಾತ್ರ ದಿನಾ ಕೂಗುತ್ತಿದ್ದ.

"ಏನ್ ಸ್ವಾಮಣ್ಣ, ಇವತ್ತು ಯಾರ್ನ ಕೂರಿಸಿ ಬಂದೆ?"

"ನಿನ್ ಸರದಿ ಬಂದಾಗ ಹೇಳ್ತೀನಿ ಬಿಡಲೇ. ಗಡ್ಡ ಗಿಡ್ಡ ಕೆರಕಂಡು ರೆಡಿಯಾಗಿರು."

ಹಾಗೆ ನಗಿಸಿ ಒಳಗೆ ಬಂದವನು ಕತ್ತಲಕೋಣೆಯ ಬಾಗಿಲು ಹಾಕಿಕೊಂಡರೆ ಬಹಳ ಹೊತ್ತು ಹೊರಗೆ ಬರುತ್ತಿರಲಿಲ್ಲ. ನಮ್ಮ ಶೋಕೇಸಿನಲ್ಲಿದ್ದ ಫೋಟೋಗಳಲ್ಲಿ ಅರ್ಧ ನಾನು ಕಣ್ಣು ಬರೆದವು. ದಾರಿಹೋಕರಿಗೆ ಗೊತ್ತಾಗುತ್ತಿರಲಿಲ್ಲ. ಅಣ್ಣನಿಗೆ ಗೊತ್ತಿತ್ತು.

ಕುರಿಯವನು ಬಂದ ಆ ದಿನ ಅಣ್ಣ ಹೋಗಿದ್ದು ಮೊಳಕಾಲ್ಮೂರು ದಾರಿಯ ಒಂದು ಹಳ್ಳಿಗೆ. ಅಲ್ಲಿನ ಓಬಳಪ್ಪ ಎಂಬ ರೈತನ ಅಣ್ಣ ತೀರಿಕೊಂಡಿದ್ದ. ಸತ್ತವನ ಮಗಳು ಆಂಧ್ರದ ಕಡೆಯಿಂದ ಬರಬೇಕಿತ್ತು. ಅವಳು ಬರುವವರೆಗೆ ಫೋಟೋ ಬೇಡ ಎಂದರಂತೆ. ಅಣ್ಣ ಕಾಯುತ್ತ ಅವರ ಹಳೇ ಬಾವಿಯ ಹತ್ತಿರ ಹೊಂಗೆಯ ನೆರಳಲ್ಲಿ ಕುಳಿತ. ಬಾವಿ ಬತ್ತಿ ವರ್ಷಗಳಾಗಿದ್ದವು. ಅದರ ದಂಡೆಯಲ್ಲಿ ಒಂದು ತೆಂಗಿನ ಮರ, ಸುಳಿ ಸತ್ತು ಬರೀ ಬೊಡ್ಡೆಯಾಗಿ ನಿಂತಿತ್ತು. ಅದರ ಮೇಲ್ಭಾಗದಲ್ಲಿ ಒಂದು ದುಂಡನೆಯ ತೂತು. ಮನೆಯಲ್ಲಿ ಅಳು ನಡೆದಿರುವಾಗ ಒಂದು ಹಕ್ಕಿ ಕಿರ್ರೆಂದು ನಕ್ಕ ಹಾಗೆ ಕೂಗುತ್ತ ಬಂದು ಆ ಮರಕ್ಕೆ ಅಂಟಿಕೊಂಡಿತಂತೆ. ಬೆನ್ನೆಲ್ಲ ಬಂಗಾರ, ತಲೆಯ ಮೇಲೆ ಕೆಂಪು ಜುಟ್ಟು. ಮರಕುಟಿಗ. ಅದು ಬಂದ ಕೂಡಲೇ ತೂತಿನಿಂದ ಇನ್ನೊಂದು ಹೊರಗೆ ಹಾರಿ, ಬಂದದ್ದು ಒಳಗೆ ಹೋಯಿತಂತೆ.

"ಮೊಟ್ಟೆಗೆ ಕುಂತಾವೆ ಶಾಂತಿ. ಗಂಡ ಹೆಂಡ್ತಿ ಪಾಳಿ ಮ್ಯಾಲೆ ಕುಂದರ್ತಾವೆ" ಎಂದು ಅಣ್ಣ ಹೇಳಿದಾಗ ಅವನ ಅಂಗಿಯ ತುಂಬ ಊದಿನಕಡ್ಡಿಯ ವಾಸನೆಯಿತ್ತು. "ಮರಿ ಆಗ್ಲಿ. ಉಣ್ಣಿಸೋದನ್ನ ತೆಗೀತೀನಿ. ತೆಗೆದು ಶೋಕೇಸ್‌ನಾಗೆ ನಡುವೆ ಇಡಾಣ. ಬಾಯಿ ತೆಗೆದಿರೋದು ಒಂದಾದ್ರೂ ಇರ್ಲಿ ನಮ್ಮ ಅಂಗಡೀಲಿ."

ಆ ಒಂದು ಫೋಟೋಕ್ಕಾಗಿ ಆ ಬೇಸಿಗೆಯೆಲ್ಲ ಹೋಯಿತು. ವಾರದಲ್ಲಿ ಮೂರು ನಾಲ್ಕು ದಿನ ಮೊದಲ ಬಸ್ಸಿಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಬರುತ್ತಿದ್ದ. ಅನುಮತಿ ಕೇಳಲು ಹೋದಾಗ ಓಬಳಪ್ಪ ಬಾವಿಯ ಕಟ್ಟೆ ಮೇಲೆ ಕುಳಿತು ಅವನನ್ನು ಬಹಳ ಹೊತ್ತು ನೋಡಿದನಂತೆ. ಆ ಮಾತುಕತೆಯನ್ನು ಅಣ್ಣ ಎರಡೂ ದನಿಯಲ್ಲಿ ಆಡಿ ತೋರಿಸಿದ್ದು ನನಗೆ ಈಗಲೂ ಕೇಳಿಸುತ್ತದೆ.

"ಹೆಣ ತೆಗಿಯೋನು ಹಕ್ಕಿ ತೆಗೀತೀನಿ ಅಂತೀಯಲ್ಲಯ್ಯಾ. ಅದೇನು ನಿನ್ ಮುಂದೆ ಸುಮ್ನೆ ಕುಂದರ್ತೈತಾ?"

"ಅದಕ್ಕೇ ಬಂದೆ ಓಬಳಪ್ಪನೋರೆ. ಸುಮ್ನೆ ಕುಂದರೋರ್ನ ತೆಗೆದು ತೆಗೆದು ಸಾಕಾಗೈತೆ."

ಓಬಳಪ್ಪ ನಕ್ಕು, ನಾಲ್ಕು ಸರ್ವೆ ಮರದ ಕಂಬ ಕೊಟ್ಟ. ಮರದಿಂದ ಹತ್ತು ಹೆಜ್ಜೆ ದೂರದಲ್ಲಿ ಅವನ್ನು ನೆಟ್ಟು, ಮೇಲೆ ಹಲಗೆ ಹಾಕಿ, ಸುತ್ತ ಖಾಲಿ ಶೇಂಗಾ ಚೀಲ ಕಟ್ಟಿ ಒಂದು ಅಟ್ಟ ಮಾಡಿದರು. ಅಣ್ಣ ಏಣಿ ತಂದು ಮರಕ್ಕೇ ಒರಗಿಸಲೇ ಎಂದು ಕೇಳಿದ್ದಕ್ಕೆ ಓಬಳಪ್ಪ ಅವತ್ತೇ ಬೇಡ ಎಂದಿದ್ದ. "ಅದನ್ನ ಮುಟ್ಟಬ್ಯಾಡ. ಆ ಹಕ್ಕಿ ಗಟ್ಟಿ ಮರ ಕೊರೆಯಲ್ಲ. ಒಳಗೆಲ್ಲಾ ಡೊಲ್ಲ." ಅವನ ಮನೆಮಾತು ತೆಲುಗು. ಡೊಲ್ಲ ಅಂದರೆ ಪೊಳ್ಳು.

ಆ ಹೊಲಕ್ಕೆ ನಾನು ಹೋಗಲಿಲ್ಲ. ರಸ್ತೆಯಿಂದ ಬಾವಿಯವರೆಗೆ ಉತ್ತ ನೆಲ, ನನ್ನ ಕಾಲಿಗೆ ಆಗುತ್ತಿರಲಿಲ್ಲ. ಆ ಹಕ್ಕಿಗಳನ್ನು ನಾನು ಕಂಡದ್ದು ಕತ್ತಲಕೋಣೆಯ ತಟ್ಟೆಯಲ್ಲಿ, ಕೆಂಪು ದೀಪದ ಬೆಳಕಿನಲ್ಲಿ. ಹನ್ನೊಂದು ವರ್ಷ ಆ ತಟ್ಟೆಯ ನೀರಿನಲ್ಲಿ ಮೊದಲು ಗೋಡೆ, ಆಮೇಲೆ ಹಾರ, ಆಮೇಲೆ ಮುಚ್ಚಿದ ಕಣ್ಣು ಮೂಡುವುದನ್ನೇ ನೋಡಿದ್ದೆ. ಈಗ ಕಾಗದದ ಮೇಲೆ ತೆಂಗಿನ ಬೊಡ್ಡೆ ಮೂಡುತ್ತಿತ್ತು. ಮೊದಮೊದಲು ಬರೀ ಬಾಲ ಬಂತು. ಆಮೇಲೆ ಮೋಡದ ಹಾಗೆ ಕಲಸಿಹೋದ ರೆಕ್ಕೆ. ಎರಡನೇ ವಾರ ಒಂದು ಇಡೀ ಹಕ್ಕಿ, ತೂತಿನ ಅಂಚಿಗೆ ಉಗುರು ಕಚ್ಚಿ, ಬಾಲವನ್ನು ಮರಕ್ಕೆ ಊರಿ ನಿಂತದ್ದು. ಗಂಡಿಗೆ ತಲೆಯೆಲ್ಲ ಕೆಂಪು, ಹೆಣ್ಣಿಗೆ ಹಣೆಯ ಮೇಲೆ ಕಪ್ಪಿನಲ್ಲಿ ಬಿಳಿ ಚುಕ್ಕೆ. ನಮ್ಮ ಕಪ್ಪು ಬಿಳುಪಿನ ಕಾಗದದಲ್ಲಿ ಆ ಚುಕ್ಕೆಯೊಂದರಿಂದಲೇ ಗುರುತು ಹಿಡಿಯುತ್ತಿದ್ದೆವು.

"ಇದೇನಣ್ಣ, ಕೊಕ್ಕಿನಾಗೆ ಏನೂ ಇಲ್ಲ. ಬರಿಗೈಲಿ ಬಂದೈತೆ" ಎಂದೆ ಒಂದು ದಿನ.

ಅಣ್ಣನಿಗೂ ಅದೇ ಚಿಂತೆಯಾಗಿತ್ತು. ಮರಿಗಳಾಗಿದ್ದವು, ಒಳಗಿನಿಂದ ಸದ್ದು ಕೇಳುತ್ತಿತ್ತು. ತಂದೆ ತಾಯಿ ಗಳಿಗೆಗೊಮ್ಮೆ ಬಂದರೂ ಕೊಕ್ಕು ಖಾಲಿ. ಮಾರನೆಯ ದಿನ ಓಬಳಪ್ಪನನ್ನು ಕೇಳಿಕೊಂಡು ಬಂದ. "ಇರುವೆ ನುಂಗಿ ಹೊಟ್ಟ್ಯಾಗೆ ಇಟ್ಕಂಡು ಬರ್ತಾವಂತೆ. ಮರಿ ಬಾಯಾಗೆ ಕೊಕ್ಕು ಇಟ್ಟು ಕಕ್ತಾವಂತೆ." ಹಾಗಾಗಿ ದೊಡ್ಡ ಹಕ್ಕಿಯನ್ನು ಎಷ್ಟು ಚೆನ್ನಾಗಿ ತೆಗೆದರೂ ಅದು ಉಣ್ಣಿಸುತ್ತಿದೆ ಎಂದು ಯಾರೂ ನಂಬುವುದಿಲ್ಲ. ಮರಿ ತೂತಿಗೆ ತಲೆ ಹಾಕಿ ಬಾಯಿ ತೆರೆದಾಗಲೇ ತೆಗೆಯಬೇಕು. ಅಷ್ಟು ಬಲಿಯಲು ಮರಿಗೆ ಇನ್ನೂ ಎರಡು ವಾರ ಬೇಕಿತ್ತು. ಅಣ್ಣ ಕಾದ. ಅವನಿಗೆ ಕಾಯುವುದು ಗೊತ್ತಿತ್ತು.

ಭರಣಿ ಮಳೆ ಒಂದು ಹನಿ ಬಿದ್ದು ಹೋಯಿತು. ಕೃತ್ತಿಕೆ ಬಂತು. ಸಂಜೆಯ ಹೊತ್ತಿಗೆ ಏಳುತ್ತಿದ್ದ ಗಾಳಿ ಆ ವಾರ ಹಗಲಲ್ಲೇ ಎದ್ದು ತಗಡು ಹಾರಿಸತೊಡಗಿತು. ಒಂದು ಮಧ್ಯಾಹ್ನ ಅಣ್ಣ ಒದ್ದೆ ಕಾಗದವನ್ನೇ ಹಿಡಿದುಕೊಂಡು ಕತ್ತಲಕೋಣೆಯಿಂದ ಹೊರಗೆ ಬಂದ. ನೀರು ನನ್ನ ಮೇಜಿನ ಮೇಲೆಲ್ಲ ಸೋರಿತು. "ನೋಡು ಶಾಂತಿ" ಎಂದ.

ಬಂದಿತ್ತು. ತಾಯಿ ತಲೆ ಕೆಳಗೆ ಮಾಡಿ ಕೊಕ್ಕು ಚಾಚಿತ್ತು. ತೂತಿನಿಂದ ಮರಿಯ ತಲೆ ಹೊರಗೆ ಬಂದು, ತೆರೆದ ಬಾಯಿ ಆ ಕೊಕ್ಕನ್ನು ಅರ್ಧ ನುಂಗಿತ್ತು. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಚೆನ್ನಾಗೈತೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಫೋಟೋ ಅವತ್ತೇ ಶೋಕೇಸಿಗೆ ಹೋಗುತ್ತಿತ್ತು. ಅಟ್ಟ ಬಿಚ್ಚುತ್ತಿದ್ದರು.

"ಕಣ್ಣು ಎಲ್ಲೈತಣ್ಣ?" ಎಂದೆ.

"ಕಪ್ಪಗೆ ಐತಲ್ಲ, ಅದೇ ಕಣ್ಣು."

"ಅದು ಕೊಕ್ಕಿನ ನೆರಳು. ಮರಿ ಕಣ್ಣು ಕಾಣ್ತಿಲ್ಲ. ಚುಕ್ಕೆ ಇಲ್ಲ."

"ನೀನೇ ಒಂದು ಕೆರೆದುಬಿಡು ಮತ್ತೆ."

"ಸತ್ತೋರಿಗೆ ಕೆರೀತೀನಿ. ಬದುಕಿರೋದಕ್ಕೂ ನಾನೇ ಕೆರೀಬೇಕಾ?"

ಅಣ್ಣ ಜೋರಾಗಿ ನಕ್ಕ. ನಕ್ಕು, ಫೋಟೋವನ್ನು ತಿರುಗಿಸಿ ಮತ್ತೆ ನೋಡಿದ. ಆಮೇಲೆ ನಗಲಿಲ್ಲ. "ಖರೇ ಐತೆ" ಎಂದ. ನಾನು ನನ್ನ ಕಸುಬಿನ ಮಾತು ಆಡಿದ್ದೆ, ಅಷ್ಟೇ. ಹನ್ನೊಂದು ವರ್ಷ ಕಣ್ಣನ್ನೇ ನೋಡಿದವಳಿಗೆ ಬೇರೆ ಮಾತು ಬರುತ್ತಿರಲಿಲ್ಲ. ಹೀಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಮರಿಯ ಕಣ್ಣು ಸಿಗಬೇಕಾದರೆ ಹತ್ತಿರ ಹೋಗಬೇಕು, ಪಕ್ಕದಿಂದ ತೆಗೆಯಬೇಕು. ನಮ್ಮ ಹತ್ತಿರ ಇದ್ದದ್ದು ಬಳ್ಳಾರಿಯಲ್ಲಿ ಕೊಂಡ ಒಂದು ಹಳೇ ಉದ್ದ ಲೆನ್ಸ್. ಅಣ್ಣ ಅಟ್ಟವನ್ನು ಕಿತ್ತು ಮರದ ಮಗ್ಗುಲಿಗೆ ನೆಡಿಸಿ ಇನ್ನಷ್ಟು ಎತ್ತರಿಸಿದ. ಎತ್ತರಿಸಿದ ಮೇಲೆ ಗಾಳಿಗೆ ಅದು ತೂಗತೊಡಗಿತು. ಎರಡು ದಿನ ತೆಗೆದದ್ದೆಲ್ಲ ಕಲಸಿಹೋಯಿತು. ಮರವೂ ತೂಗುತ್ತದೆ, ಅಟ್ಟವೂ ತೂಗುತ್ತದೆ, ಒಂದು ಈಚೆ ಬಂದಾಗ ಇನ್ನೊಂದು ಆಚೆ. ಮೂರನೆಯ ದಿನ ಬೆಳಿಗ್ಗೆ ತಿಂಡಿ ತಿನ್ನುತ್ತ ಅತ್ತಿಗೆಯ ಮುಂದೆ ಎರಡು ಕೈ ಎತ್ತಿ ತೂಗಿಸಿ ತೋರಿಸಿದ. "ಎರಡನ್ನೂ ಸೇರಿಸಿ ಹಗ್ಗದಾಗೆ ಬಿಗಿದ್ರೆ ಒಟ್ಟಿಗೇ ತೂಗ್ತಾವೆ. ಕ್ಯಾಮೆರಾಕ್ಕೆ ತೂಗಿದ್ದೇ ಗೊತ್ತಾಗಲ್ಲ."

"ಮೊದ್ಲು ಕೈ ತೊಳಕೊಳ್ರಿ. ಚಟ್ನಿ ಗೋಡೆಗೆ ಸಿಡೀತು" ಎಂದಳು ಅತ್ತಿಗೆ.

ನನಗೆ ಅವನ ಲೆಕ್ಕ ಸರಿ ಎನಿಸಿತು. ಫೋಟೋದ ಮಟ್ಟಿಗೆ ಅದು ಸರಿಯಾದ ಲೆಕ್ಕವೇ. ಓಬಳಪ್ಪನ ಡೊಲ್ಲ ನನಗೆ ಆಗ ನೆನಪಿಗೆ ಬರಲಿಲ್ಲ.

ಅವತ್ತು ಸುಮಾರು ಹನ್ನೊಂದೂವರೆಗೆ ಪಕ್ಕದ ಬೂತಿನವನು ಬಂದು, "ಅಕ್ಕಾ, ಫೋನ್ ಐತೆ" ಎಂದ. ಯಾವಾಗಲೂ ಅಲ್ಲಿಂದಲೇ ಕೂಗುವವನು ಬಾಗಿಲವರೆಗೆ ಬಂದಿದ್ದ. ಫೋನಿನಲ್ಲಿ ಯಾರೋ ತೆಲುಗಿನಲ್ಲಿ ಜೋರಾಗಿ ಮಾತಾಡಿದರು. ಆಮೇಲೆ ಓಬಳಪ್ಪನ ದನಿ ಬಂತು. "ಸ್ವಾಮಣ್ಣ ಬಿದ್ದವ್ನೆ ತಾಯಿ. ಟ್ರ್ಯಾಕ್ಟರ್‌ನಾಗೆ ಕರಕಂಡು ಬರ್ತಿದೀವಿ." ಬಿದ್ದಿದ್ದಾನೆ ಎಂದಷ್ಟೇ ಹೇಳಿದ. ಅಣ್ಣನ ಜೀವ ಆಗಲೇ ಹೋಗಿಬಿಟ್ಟಿದ್ದನ್ನು ಹೇಳಲಿಲ್ಲ.

ನಡೆದದ್ದನ್ನು ಓಬಳಪ್ಪ ಆಮೇಲೆ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಹೇಳಿದ. ಅವನು ಬಾವಿಯ ಆಚೆ ದನ ಕಟ್ಟುತ್ತಿದ್ದನಂತೆ. ಅಟ್ಟದ ಮೇಲಿನಿಂದ ಅಣ್ಣ, "ಸಿಕ್ತು ಓಬಳಪ್ಪನೋರೆ, ಕಣ್ಣು ಸಿಕ್ತು!" ಎಂದು ಕೂಗಿದ. ಇವನು ತಲೆಯೆತ್ತಿ ನೋಡುವಷ್ಟರಲ್ಲಿ ಕೆಂಪು ಧೂಳೆಬ್ಬಿಸಿಕೊಂಡು ಗಾಳಿ ಬಂತು. ಮರ ತೂತಿನ ಹತ್ತಿರವೇ ಲಟ್ಟೆಂದಿತು. ಹಗ್ಗ ಬಿಗಿದಿತ್ತು. ಮರದ ತುದಿ ಬಾವಿಯ ಕಡೆಗೆ ಹೋಗುತ್ತ ಅಟ್ಟವನ್ನೂ ಎಳೆದುಕೊಂಡು ಹೋಯಿತು. ಅಣ್ಣ ಬಾವಿಯ ಕಟ್ಟೆಯ ಕಲ್ಲಿನ ಮೇಲೆ ಬಿದ್ದ.

"ಹಗ್ಗ ಕಟ್ಟೋವಾಗ ನಾನಿರ್ಲಿಲ್ಲ ತಾಯಿ. ಇದ್ದಿದ್ರೆ ಬಿಡ್ತಿರ್ಲಿಲ್ಲ" ಎಂದು ಓಬಳಪ್ಪ ಮತ್ತೆ ಮತ್ತೆ ಹೇಳಿದ. ನಾನು ಯಾರನ್ನೂ ಏನೂ ಕೇಳಿರಲಿಲ್ಲ.

ಗೂಡಿನಲ್ಲಿ ಮೂರು ಮರಿಗಳಿದ್ದವಂತೆ. ಎರಡು ಮರಿ ಬೊಡ್ಡೆಯ ಕೆಳಗೆ ಸಿಕ್ಕಿ ಸತ್ತಿದ್ದವು. ಒಂದನ್ನು ಓಬಳಪ್ಪನ ಹೆಂಡತಿ ಬುಟ್ಟಿಯಲ್ಲಿ ಇಟ್ಟು ನೀರು ಬಿಟ್ಟಳು. ಸಂಜೆಗೆ ಅದೂ ಹೋಯಿತು. "ತಾಯಿ ತಂದೆ ಎರಡು ದಿನ ಬಂದ್ವಮ್ಮ. ಮುರಿದ ತುದಿ ಮ್ಯಾಲೆ ಕುಂತು ಕೂಗೋವು, ಹೋಗೋವು. ಹೊಟ್ಟ್ಯಾಗೆ ತುಂಬ್ಕಂಡು ಬಂದಿದ್ನ ಯಾರಿಗೆ ಹಾಕ್ತಾವೆ?"

ಆಮೇಲೆ ಟವೆಲಿನಲ್ಲಿ ಸುತ್ತಿದ್ದ ಕ್ಯಾಮೆರಾವನ್ನು ನನ್ನ ಮಡಿಲಲ್ಲಿ ಇಟ್ಟ. "ಇದನ್ನ ಬಿಟ್ಟಿರ್ಲಿಲ್ಲ ಕೈಯಾಗಿಂದ. ಒಳಗೆ ಏನಾರ ಒಡೆದೈತೇನೋ ಅಂತ ಹಿಂದಿನ ಮುಚ್ಚಳ ತೆಗೆದು ನೋಡ್ದೆ. ರೀಲು ಚೆನ್ನಾಗೇ ಐತೆ. ಧೂಳು ಕೂತಿತ್ತು, ಬಿಸಿಲಿಗೆ ಹಿಡಿದು ಒರೆಸಿ ಮುಚ್ಚಿದೀನಿ."

ನಾನು ಅವನ ಮುಖ ನೋಡಿದೆ. ಅರವತ್ತು ದಾಟಿದ ಮನುಷ್ಯ, ಎರಡು ದಿನದಿಂದ ಉಂಡಿರಲಿಲ್ಲ. "ಒಳ್ಳೇದು ಮಾಡಿದ್ರಿ" ಎಂದೆ. ಬಿಸಿಲು ತಾಗಿದ ರೀಲು ಏನಾಗುತ್ತದೆ ಎಂದು ಅವನಿಗೆ ಹೇಳಲಿಲ್ಲ. ಅವನು ಸಾಯುವವರೆಗೂ ಹೇಳಲಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಕತ್ತಲಕೋಣೆಗೆ ಹೋಗಿ ಆ ರೀಲನ್ನು ತೊಳೆದೆ. ಕ್ಯಾಮೆರಾದಲ್ಲಿ ತೆಗೆದ ಫಿಲಮ್ಮು ಸುರುಳಿ ಸುತ್ತಿಕೊಂಡಿರುತ್ತದೆ. ಮೊದಲು ತೆಗೆದದ್ದು ಒಳಗೆ, ಕೊನೆಗೆ ತೆಗೆದದ್ದು ಹೊರಗೆ. ಒಳಗಿನ ಏಳೆಂಟು ಚಿತ್ರ ಉಳಿದಿದ್ದವು. ತಾಯಿಯ ಬೆನ್ನು, ತೂತು, ಖಾಲಿ ತೂತು, ಮರಿಯ ಕೊಕ್ಕಿನ ತುದಿ. ಅಲ್ಲಿಂದ ಮುಂದೆ ಮಸಿ ಬಳಿದ ಹಾಗೆ ಕಪ್ಪು. ದೀಪಕ್ಕೆ ಹಿಡಿದು ಒಂದೊಂದು ಅಂಗುಲವನ್ನೂ ನೋಡಿದೆ. ಅಣ್ಣನಿಗೆ ಸಿಕ್ಕ ಕಣ್ಣು ಆ ಕಪ್ಪಿನೊಳಗೆ ಎಲ್ಲೋ ಇತ್ತು.

ಅಣ್ಣನನ್ನೂ ಕೂರಿಸಿದ್ದರು. ತಲೆಯ ಹಿಂದಿನ ಗಾಯ ಕಾಣದಂತೆ ಪೇಟ ಸುತ್ತಿದ್ದರು. ಫೋಟೋ ತೆಗೆಯಲು ಊರಿನ ಇನ್ನೊಬ್ಬ ಸ್ಟುಡಿಯೋದವನು ಬಂದ. ಅವನು ಮದುವೆ ತೆಗೆಯುವವನು, ಹೆಣ ಮುಟ್ಟದವನು. ಅಣ್ಣನಿಗೋಸ್ಕರ ಬಂದ, ದುಡ್ಡು ಬೇಡವೆಂದ, ಎರಡು ಸಲ ತೆಗೆದ. ತಿಂಗಳ ನಂತರ ದೊಡ್ಡದು ಮಾಡಿ ತಂದುಕೊಟ್ಟ.

ಅತ್ತಿಗೆ ಅದನ್ನು ನನ್ನ ಮೇಜಿನ ಮೇಲೆ ಇಟ್ಟಳು. "ಊರಿಗೆಲ್ಲ ಕಣ್ಣು ತೆರೆಸಿದೀಯ. ನಿಮ್ಮಣ್ಣಗೂ ತೆರೆಸು."

ಬ್ರಷ್ ತೊಳೆದೆ, ಮಸಿ ಕಲಸಿದೆ, ಹೊಸ ಬ್ಲೇಡು ಬಿಚ್ಚಿದೆ. ರೆಪ್ಪೆಯ ಗೆರೆಯವರೆಗೂ ಕೈ ಹೋಗಿ ನಿಂತಿತು. ಬೇರೆ ಫೋಟೋ ಇಲ್ಲವೆಂದಲ್ಲ. ಮದುವೆಯದರಲ್ಲಿ ಬಾಸಿಂಗದ ಕೆಳಗೆ ತಲೆ ತಗ್ಗಿಸಿ ಕುಳಿತಿದ್ದಾನೆ. ಇನ್ನೊಂದು, ಅವನು ಹೈಸ್ಕೂಲಿನಲ್ಲಿದ್ದಾಗಿನ ಬೆರಳಗಲದ್ದು. ಹದಿನಾರು ವರ್ಷದ ಹುಡುಗನ ಕಣ್ಣನ್ನು ಮೀಸೆ ನರೆತ ಮುಖಕ್ಕೆ ಹೇಗೆ ಇಡುವುದು? ಅಣ್ಣನನ್ನು ನೆನೆಸಿಕೊಂಡರೆ ಕ್ಯಾಮೆರಾದ ಹಿಂದೆ ಮುಚ್ಚಿದ ಎಡಗಣ್ಣು ಬರುತ್ತಿತ್ತು. ಬಲಗಣ್ಣಿನ ಜಾಗದಲ್ಲಿ ಕ್ಯಾಮೆರಾ ಇರುತ್ತಿತ್ತು. ಕತ್ತಲಕೋಣೆಯ ಕೆಂಪು ಬೆಳಕಿನಲ್ಲಿ ಅವನ ಕೈ ನೋಡಿದ್ದೇನೆ. ಒದ್ದೆ ಫೋಟೋ ಹಿಡಿದು ನಿಂತಾಗ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ನೋಡಿದ್ದು ಫೋಟೋವನ್ನು.

"ಕಣ್ಣು ಹೆಂಗಿದ್ವು ಅತ್ತಿಗೆ?" ಎಂದು ಕೇಳಿದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಹೆಂಗಿದ್ವು ಅಂದ್ರೆ?" ಎಂದಳು. ಫೋಟೋದ ಅಂಚನ್ನು ಸೆರಗಿನಿಂದ ಒರೆಸುತ್ತ, "ಚೆನ್ನಾಗಿದ್ವು ಕಣೆ" ಎಂದಳು.

ಬಾಗಿಲಿಗೆ ಹೋಗಿ ಬಿಸಿಲಿಗೆ ಮುಖ ಮಾಡಿ ನಿಂತಿದ್ದ ಆ ಕುರಿಯವನು ನೆನಪಾದ. ಅವನಿಗೆ ಗೊತ್ತಿತ್ತು.

ಆಮೇಲೂ ಕೆಲವು ವರ್ಷ ಬೇರೆಯವರ ಕಣ್ಣು ಬರೆದೆ, ಹೊಟ್ಟೆ ನಡೆಯಬೇಕಿತ್ತು. ಡಿಜಿಟಲ್ ಬಂತು, ಕಂಪ್ಯೂಟರಿನಲ್ಲಿ ಕಣ್ಣು ಕೂರಿಸುವವರು ಬಂದರು. ಅಂಗಡಿ ಮುಚ್ಚಿದೆವು. ಮರಿಯ ಕಣ್ಣಿಲ್ಲದ ಆ ಫೋಟೋವನ್ನು ನಾನು ಶೋಕೇಸಿನ ನಡುವೆಯೇ ಇಟ್ಟಿದ್ದೆ, ಮುಚ್ಚುವ ದಿನದವರೆಗೂ. ಅದನ್ನು ಕಂಡು ಇದು ಯಾವ ಹಕ್ಕಿ ಎಂದು ಕೇಳಿದವರುಂಟು. ಕಣ್ಣು ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ.

ಮೊನ್ನೆ ಮನೆಯ ಅಟ್ಟದ ಮೇಲಿನ ಟ್ರಂಕು ಇಳಿಸಿ ತೆಗೆದಾಗ ಫೋಟೋ ತೊಳೆಯುವ ಹೈಪೋದ ವಾಸನೆ ಎದ್ದಿತು. ಇಷ್ಟು ವರ್ಷವಾದರೂ ಹೋಗಿರಲಿಲ್ಲ. ಒಳಗೆ ಬ್ರಷ್ಷುಗಳಿದ್ದವು, ಕಪ್ಪು ರೀಲಿತ್ತು, ಅಣ್ಣನ ದೊಡ್ಡ ಫೋಟೋದ ಇನ್ನೊಂದು ಪ್ರತಿ ಇತ್ತು. ಮೊದಲ ಪ್ರತಿಯನ್ನು ಅತ್ತಿಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದ್ದಾಳೆ. ದಿನಾ ಹೂ ಇಡುತ್ತಾಳೆ. ನನ್ನನ್ನು ಮತ್ತೆ ಕೇಳಿಲ್ಲ.

ಆ ಫೋಟೋದಲ್ಲಿ ಅಣ್ಣನ ಕಣ್ಣು ಇನ್ನೂ ಇಲ್ಲ.